ಸಿಎನ್ ಟವರ್ ಮೇಲೆ ಅಪ್ಪ ಅಮ್ಮನಿಗೆ ಊಟ ಹಾಕ್ಸಿದ್ದು

ಅಪ್ಪ ಅಮ್ಮ ತುಮಕೂರಿಂದ ಕೆನಡಾಗೆ, ಟೊರಾಂಟೋ ಪಕ್ಕದ ಬ್ರಾಂಪ್ಟನ್‌ಲ್ಲಿರೋ ನಮ್ಮನೆಗೆ ಬಂದಿದ್ರು. ನಯಾಗರಾ ಆಯ್ತು, ದೇವಸ್ಥಾನ ಆಯ್ತು, ಕಾಸ್ಟ್‌ಕೋ ಅನ್ನೋ ದೊಡ್ಡ ಅಂಗಡಿ ಅಂತೂ ನಾಲ್ಕು ಸಲ ಆಯ್ತು. ಜೂನಲ್ಲೇ ಅವ್ರ ಮದುವೆಗೆ ನಲವತ್ತು ವರ್ಷ ತುಂಬ್ತಿತ್ತು, ಅದಕ್ಕೆ ಟೊರಾಂಟೋ ಸಿಎನ್ ಟವರ್ ಮೇಲಿರೋ 360 ರೆಸ್ಟೋರೆಂಟಲ್ಲಿ ಒಂದು ಊಟ ಹಾಕ್ಸೋಣ ಅಂತ ಹೊರಟೆ. ವಯಸ್ಸಾದವ್ರನ್ನ ಕರ್ಕೊಂಡು ಹೋಗೋ ಪ್ಲಾನ್ ಇರೋರಿಗೆ ಉಪಯೋಗ ಆಗ್ಬಹುದು.

ಮೊದ್ಲು ದುಡ್ಡು. ಫಿಕ್ಸೆಡ್ ಮೆನು ಊಟ ತಗೊಂಡ್ರೆ ಮೇಲೆ ಹೋಗೋ ಟಿಕೆಟ್ ಅದ್ರಲ್ಲೇ ಸೇರಿರತ್ತೆ, ಊಟ ಆದ್ಮೇಲೆ ಗಾಜಿನ ನೆಲ ಎಲ್ಲ ನೋಡ್ಬಹುದು, ಹಾಗಾಗಿ ಟಿಕೆಟ್‌ಗೆ ಅಂತ ಬೇರೆ ದುಡ್ಡು ಸುರೀಬೇಡಿ. ಆದ್ರೆ ಮೆನುನಲ್ಲಿ ಕಾಣೋ ರೇಟಿಗೆ 13% ಟ್ಯಾಕ್ಸು, ಮೇಲೆ ಟಿಪ್ಸು. ಬಿಲ್ ಎಷ್ಟಾಯ್ತು ಅಂತ ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಟೈಮಿಂಗೇ ಮುಖ್ಯ. ರೆಸ್ಟೋರೆಂಟ್ ಇರೋದು 351 ಮೀಟರ್ ಎತ್ತರದಲ್ಲಿ, 72 ನಿಮಿಷಕ್ಕೆ ಒಂದು ಸುತ್ತು ತಿರುಗತ್ತೆ. ಜೂನ್ ಕೊನೇಲಿ ಇಲ್ಲಿ ಸೂರ್ಯ ಮುಳುಗೋದೇ ರಾತ್ರಿ ಒಂಬತ್ತಕ್ಕೆ. 7:45ಕ್ಕೆ ಬುಕ್ ಮಾಡ್ದೆ, ಒಂದು ಸುತ್ತು ಬೆಳಕಲ್ಲಿ, ಇನ್ನೊಂದು ಸುತ್ತು ಊರೆಲ್ಲ ಲೈಟ್ ಹತ್ಕೊಂಡ್ಮೇಲೆ ಅಂತ ಲೆಕ್ಕ. ಹೊರಡೋ ಮುಂಚೆ ಹವಾಮಾನ ನೋಡ್ಕೊಳ್ಳಿ, ಮೋಡ ಕೆಳಗಿಳಿದಿದ್ರೆ ಕಿಟಕಿ ಆಚೆ ಸುಣ್ಣ ಬಳಿದ ಗೋಡೆ ಥರ ಬಿಳಿ ಬಿಟ್ರೆ ಏನೂ ಕಾಣಲ್ಲ. ಬುಕ್ ಮಾಡುವಾಗ್ಲೇ ವೆಜ್, ಮೊಟ್ಟೆನೂ ಬೇಡ ಅಂತ ಬರೆದಿದ್ದೆ.

ಕಾರ್ ತಗೊಂಡ್ ಹೋಗ್ಲಿಲ್ಲ, ಗೋ ಅನ್ನೋ ಇಲ್ಲಿನ ಲೋಕಲ್ ಟ್ರೈನಲ್ಲಿ ಟೊರಾಂಟೋ ಯೂನಿಯನ್ ಸ್ಟೇಷನ್, ಅಲ್ಲಿಂದ ಸ್ಕೈವಾಕ್ ಅನ್ನೋ ಮುಚ್ಚಿದ ಮೇಲ್ದಾರಿಲಿ ನಡ್ಕೊಂಡು. ಲಿಫ್ಟು 58 ಸೆಕೆಂಡಲ್ಲಿ ಮೇಲೆ ಹೋಗತ್ತೆ, ಗಾಜು ಬೇರೆ. ಅಮ್ಮನ್ನ ಹಿಂದೆ ಬಾಗಿಲ ಕಡೆ ಮುಖ ಮಾಡಿ ನಿಲ್ಸಿ ಬಾಯಿಗೆ ಒಂದು ಪೆಪ್ಪರ್‌ಮೆಂಟ್ ಕೊಟ್ಟೆ, ಕಿವಿ ಕಟ್ಟೋದಕ್ಕೆ ಅದೇ ಔಷಧಿ.

ಈಗ ನನ್ನ ತಪ್ಪು. ತಿರುಗೋದು ಟೇಬಲ್‌ಗಳಿರೋ ನೆಲ ಮಾತ್ರ, ಕಿಟಕಿ ಕಟ್ಟೆ ಇದ್ದಲ್ಲೇ ಇರತ್ತೆ. ಇದು ಗೊತ್ತಿದ್ದೂ ಹೇಳೋದು ಮರೆತೆ. ಅಮ್ಮ ಕೂತ ತಕ್ಷಣ ಬ್ಯಾಗನ್ನ ಕಟ್ಟೆ ಮೇಲಿಟ್ರು. ಆಮೇಲೆ ಕೆರೆ, ಅಂದ್ರೆ ಒಂಟಾರಿಯೋ ಸರೋವರ, ಆ ಕಡೆ ಬಂದ್ವಿ. ಕೆಳಗೆ ಐಲ್ಯಾಂಡ್ ಏರ್‌ಪೋರ್ಟಿಗೆ ಇಳೀತಿದ್ದ ವಿಮಾನದ ಬೆನ್ನು ಕಾಣ್ತು. "ಲೋ, ವಿಮಾನ ನಮಗಿಂತ ಕೆಳಗಿದ್ಯಲ್ಲೋ" ಅಂತ ಅಮ್ಮ ಬಾಯ್ಮೇಲೆ ಕೈಯಿಟ್ಟು ನೋಡ್ತಿದ್ದಾಗ್ಲೇ ಅನ್ನದ್ದೊಂದು ಐಟಮ್ ಬಂತು, ಅಣಬೆ ಹಾಕಿ ಮುದ್ದೆಮುದ್ದೆಯಾಗಿ ಬೇಯಿಸಿದ್ದು. ಒಂದು ತುತ್ತು ತಿಂದು ಬ್ಯಾಗಿಗೆ ಕೈ ಹಾಕಕ್ಕೆ ಹೋದ್ರೆ ಬ್ಯಾಗಿಲ್ಲ! ಪಾಸ್‌ಪೋರ್ಟಿತ್ತಾ ಅಂತ ನಂಗೆ ಗಾಬರಿ, ಅಮ್ಮ ಮೆಲ್ಲಗೆ "ಚಟ್ನಿಪುಡಿ ಕಣೋ" ಅಂದ್ರು. ಎದ್ದು ಹಿಂದಕ್ಕೆ ಹೋಗಿ ನೋಡಿದ್ರೆ ಐದಾರು ಟೇಬಲ್ ಆಚೆ, ಯಾರೋ ಚೈನೀಸ್ ಅಜ್ಜಿ ಪಕ್ಕದಲ್ಲಿ ಕೂತಿದೆ. ಆಯಮ್ಮ ನಗ್ತಾ ಎತ್ಕೊಟ್ರು. ಆ ಅಡುಗೆಗೆ ಚಟ್ನಿಪುಡಿ ಬಿದ್ಮೇಲೆ ನಾನೂ ಎರಡು ಸ್ಪೂನ್ ಕೇಳಿ ಹಾಕಿಸ್ಕೊಂಡೆ, ಸುಳ್ಳ್ಯಾಕೆ ಹೇಳ್ಲಿ.

ಎಂಟು ದಾಟಿದ್ಮೇಲೆ ಬ್ಯಾಂಕ್ ಬಿಲ್ಡಿಂಗ್‌ಗಳ ಕಡೆ ಬಂದಾಗ ರಾಯಲ್ ಬ್ಯಾಂಕ್ ಪ್ಲಾಜಾ ಸಂಜೆ ಬಿಸಿಲಿಗೆ ಧಗಧಗ ಅಂತಿತ್ತು. ಅದ್ರ ಕಿಟಕಿ ಗಾಜಿಗೆ ನಿಜವಾದ ಚಿನ್ನದ ಲೇಪ ಇದೆ, 24 ಕ್ಯಾರೆಟ್ದು. ಹೇಳಿದ್ದಕ್ಕೆ ಅಮ್ಮ ತುಂಬಾ ಹೊತ್ತು ಸುಮ್ನಿದ್ದು, "ಕಿಟಕಿಗಾ?" ಅಂದ್ರು.

ಅಪ್ಪಂದು ಬೇರೇನೇ ಲೋಕ. ಅವ್ರು ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಲಿ ಕೆಲಸ ಮಾಡಿದೋರು, 72 ನಿಮಿಷ ಅಂತ ಕಿವಿಗೆ ಬಿದ್ದಿದ್ದೇ ತಡ ಕೈ ಬಿಚ್ಚಿ ವಾಚನ್ನ ಟೇಬಲ್ ಮೇಲಿಟ್ರು. ನಾವು ಕೂತಾಗ ನೇರ ಎದುರಿಗೆ ಬೇಸ್‌ಬಾಲ್ ಸ್ಟೇಡಿಯಂ ಇತ್ತು, ಮೇಲ್ಛಾವಣಿ ತೆಗೆದಿದ್ರು, ಹಸಿರು ಮೈದಾನ ಕೇರಂ ಬೋರ್ಡ್‌ನಷ್ಟು ಕಾಣ್ತಿತ್ತು. ಅದೇ ಗುರುತು. "ನಿಮಿಷದ ಮುಳ್ಳು ನಿಮಿಷಕ್ಕೆ ಆರು ಡಿಗ್ರಿ ಹೋಗತ್ತೆ, ಇದು ಐದು. ನಾವೀಗ ಮುಳ್ಳಿನ ಮೇಲೆ ಕೂತಂಗೆ ಲೆಕ್ಕ" ಅಂದ್ರು, ಮುಖದಲ್ಲಿ ಅಷ್ಟು ಖುಷಿ ನಾನು ನಯಾಗರಾದಲ್ಲೂ ನೋಡಿರ್ಲಿಲ್ಲ. ಸ್ಟೇಡಿಯಂ ವಾಪಸ್ ಬರೋ ಹೊತ್ತಿಗೆ ಸರಿಯಾಗಿ ಅದ್ರ ಬಲಗಡೆ ದೂರದಲ್ಲಿ ಸೂರ್ಯ ಇಳೀತಿದ್ದ. ನನ್ನ ಪ್ಲಾನ್ ಅಂತ ಹೇಳ್ಕೊಂಡೆ, ನಿಜ ಹೇಳ್ಬೇಕಂದ್ರೆ ಟೇಬಲ್ ಸಿಕ್ಕಿದ ಜಾಗದ ಅದೃಷ್ಟ. ಅಪ್ಪ ಸೂರ್ಯನ್ನ ನೋಡ್ಲೇ ಇಲ್ಲ. "ಎಪ್ಪತ್ತೊಂದೂವರೆ ಬಂತಲ್ಲೋ, ನಾನು ಗುರುತು ಹಿಡಿದಿದ್ದು ತಪ್ಪಿರ್ಬೇಕು."

ಐಸ್‌ಕ್ರೀಮ್ ಮುಗೀತು, ಕಾಫಿ ಮುಗೀತು, ಬಿಲ್ಲನ್ನ ಅಮ್ಮನಿಗೆ ಕಾಣದ ಹಾಗೆ ಕೊಟ್ಟಿದ್ದೂ ಆಯ್ತು. ಗಾಜಿನ ನೆಲ ನೋಡೋಣ ಏಳಿ ಅಂದ್ರೆ ಅಪ್ಪ ವಾಚಿಂದ ಕಣ್ಣೆತ್ತದೆ, "ಇನ್ನು ಹನ್ನೊಂದು ನಿಮಿಷ ಇದೆ ಕೂತ್ಕೊಳೋ, ಸ್ಟೇಡಿಯಂ ಬರ್ಲಿ."