ಡಿಎನ್‌ಎ ಸಾಲಿನಿಂದ ಅಮೈನೋ ಆಮ್ಲಗಳನ್ನು ಓದುವ ಕ್ರಮ

ಡಿಎನ್‌ಎಯ ಎ, ಟಿ, ಜಿ, ಸಿ ಅಕ್ಷರಗಳ ಮೂರು ಮೂರರ ಗುಂಪೇ ಕೋಡಾನ್. ಯಾವ ಕೋಡಾನ್‌ಗೆ ಪ್ರೋಟೀನಿನ ಯಾವ ಘಟಕ, ಅಂದರೆ ಯಾವ ಅಮೈನೋ ಆಮ್ಲ, ಎಂದು ಪಟ್ಟಿಯಲ್ಲಿ ನೋಡುವುದು ಸುಲಭ. ಎಲ್ಲಿಂದ, ಯಾವ ದಿಕ್ಕಿಗೆ ಓದಬೇಕು ಎಂಬಲ್ಲೇ ಹೆಚ್ಚಿನವರು ಎಡವುತ್ತಾರೆ.

ಮೊದಲು ಡಿಎನ್‌ಎಯ ಎರಡು ಎಳೆಗಳಲ್ಲಿ ನಿಮ್ಮ ಮುಂದಿರುವುದು ಯಾವುದೆಂದು ಖಚಿತಪಡಿಸಿಕೊಳ್ಳಿ. ಎಳೆಯ ಎರಡು ತುದಿಗಳಿಗೆ 5′, 3′ ಎಂದು ಹೆಸರು. ಕೋಡಿಂಗ್ ಎಳೆಯಾದರೆ 5′ ತುದಿಯಿಂದ ಓದುತ್ತ ಟಿ ಇದ್ದಲ್ಲೆಲ್ಲ ಯು ಬರೆದರೆ ಎಂಆರ್‌ಎನ್‌ಎ (ಪ್ರೋಟೀನು ಕಟ್ಟಲು ಬಳಕೆಯಾಗುವ ಆರ್‌ಎನ್‌ಎ ಪ್ರತಿ) ಸಿಗುತ್ತದೆ. ಆ ಪ್ರತಿಗೆ ಅಚ್ಚಾಗುವ ಟೆಂಪ್ಲೇಟ್ ಎಳೆಯಾದರೆ 3′ ತುದಿಯಿಂದ ಶುರುಮಾಡಿ ಎ-ಗೆ ಯು, ಟಿ-ಗೆ ಎ, ಜಿ-ಗೆ ಸಿ, ಸಿ-ಗೆ ಜಿ ಬರೆಯಿರಿ. ಇಲ್ಲಿ ದಿಕ್ಕು ತಪ್ಪಿದರೆ ಮುಂದಿನದೆಲ್ಲ ವ್ಯರ್ಥ. ಇಂಟ್ರಾನ್‌ಗಳು (ಪ್ರೋಟೀನಿಗೆ ಸಂಕೇತವಾಗದ ನಡುವಿನ ತುಣುಕುಗಳು) ಇದ್ದರೆ ಅವನ್ನೂ ಮೊದಲೇ ತೆಗೆದಿರಬೇಕು.

ರಕ್ತದ ಹಿಮೋಗ್ಲೋಬಿನ್‌ನ ಒಂದು ಭಾಗವಾದ ಮನುಷ್ಯರ ಬೀಟಾ ಗ್ಲೋಬಿನ್ ಜೀನಿನ ಆರಂಭದ ಭಾಗ ಅಭ್ಯಾಸಕ್ಕೆ ಚೆನ್ನಾಗಿದೆ. ಕೋಡಿಂಗ್ ಎಳೆ ಹೀಗಿದೆ:

ಎಟಿಜಿ ಜಿಟಿಜಿ ಸಿಎಟಿ ಸಿಟಿಜಿ ಎಸಿಟಿ ಸಿಸಿಟಿ ಜಿಎಜಿ

ಆರ್‌ಎನ್‌ಎಯಲ್ಲಿ ಮೊದಲ ಕೋಡಾನ್ ಎಯುಜಿ ಆಗುತ್ತದೆ. ಅದೇ ಆರಂಭದ ಗುರುತು, ಮೆಥಿಯೋನಿನ್‌ನ ಸಂಕೇತವೂ ಹೌದು. ಅಲ್ಲಿಂದ ಮೂರು ಮೂರು ಅಕ್ಷರ, ನಡುವೆ ಒಂದನ್ನೂ ಬಿಡದೆ, ಒಂದನ್ನೂ ಎರಡು ಸಲ ಎಣಿಸದೆ ಓದಿ: ಮೆಥಿಯೋನಿನ್, ವ್ಯಾಲಿನ್, ಹಿಸ್ಟಿಡಿನ್, ಲ್ಯೂಸಿನ್, ಥ್ರಿಯೋನಿನ್, ಪ್ರೋಲಿನ್, ಗ್ಲುಟಾಮಿಕ್ ಆಮ್ಲ.

ಈಗ ಎರಡನೇ ಕೋಡಾನಿನ ಮೊದಲ ಜಿ ಅಳಿಸಿ, ಮತ್ತೆ ಗುಂಪು ಮಾಡಿ: ಎಟಿಜಿ ಟಿಜಿಸಿ ಎಟಿಸಿ ಟಿಜಿಎ. ಮೆಥಿಯೋನಿನ್, ಸಿಸ್ಟೀನ್, ಐಸೋಲ್ಯೂಸಿನ್, ಅಷ್ಟಕ್ಕೇ ಮುಕ್ತಾಯ! ಯುಜಿಎ ಎಂಬುದು ಯುಎಎ, ಯುಎಜಿಗಳಂತೆ ನಿಲುಗಡೆ ಕೋಡಾನ್. ಅದಕ್ಕೆ ಅಮೈನೋ ಆಮ್ಲವಿಲ್ಲ. ಒಂದೇ ಅಕ್ಷರ ಕಳೆದುಹೋದರೂ ಪ್ರೋಟೀನು ಹೇಗೆ ಕೆಡುತ್ತದೆ ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಅಕ್ಷರ ಅಳಿಯದೆ ಬದಲಾದರೆ ಪರಿಣಾಮ ಅದರ ಸ್ಥಾನದ ಮೇಲೆ ನಿಂತಿದೆ. 20 ಅಮೈನೋ ಆಮ್ಲಗಳಿಗೆ 61 ಕೋಡಾನ್‌ಗಳಿರುವುದರಿಂದ ಮೂರನೇ ಅಕ್ಷರದ ಬದಲಾವಣೆ ಎಷ್ಟೋ ಸಲ ಏನೂ ಮಾಡುವುದಿಲ್ಲ: ಜಿಎಜಿ ಹೋಗಿ ಜಿಎಎ ಬಂದರೂ ಗ್ಲುಟಾಮಿಕ್ ಆಮ್ಲವೇ. ನಡುವಿನ ಎ ಬದಲು ಯು ಬಂದು ಜಿಯುಜಿ ಆದರೆ ವ್ಯಾಲಿನ್. ಕುಡಗೋಲು ಕಣ ರಕ್ತಹೀನತೆಗೆ ಕಾರಣ ಇದೇ ಬದಲಾವಣೆ. ಇದನ್ನು ಕೆಲವೆಡೆ 6ನೇ ಸ್ಥಾನ, ಕೆಲವೆಡೆ 7ನೇ ಸ್ಥಾನ ಎಂದು ಬರೆದಿರುತ್ತಾರೆ. ಮೊದಲ ಮೆಥಿಯೋನಿನ್ ಆಮೇಲೆ ಕತ್ತರಿಸಿಹೋಗುತ್ತದೆ. ಅದನ್ನು ಎಣಿಕೆಗೆ ಸೇರಿಸಿದ್ದಾರೋ ಇಲ್ಲವೋ ನೋಡಿಕೊಳ್ಳಿ.

ಸಾಲು ಮನುಷ್ಯರ ಮೈಟೋಕಾಂಡ್ರಿಯಾದ್ದಾದರೆ (ಜೀವಕೋಶಕ್ಕೆ ಶಕ್ತಿ ಒದಗಿಸುವ, ತನ್ನದೇ ಡಿಎನ್‌ಎ ಇರುವ ಭಾಗ) ಬೇರೆ ಪಟ್ಟಿ ಬಳಸಿ. ಅಲ್ಲಿ ಯುಜಿಎ ನಿಲ್ಲಿಸುವುದಿಲ್ಲ, ಟ್ರಿಪ್ಟೋಫಾನ್ ಸೇರಿಸುತ್ತದೆ.