ಅಲೈನ್‌ಮೆಂಟ್‌ಗೆ ಮುಂಚೆ ಒಂದ್ಸಲ ಬ್ರೇಕ್ ತುಳಿಸಿ ನೋಡಿ
ಹಳೇ ಲಾರಿಯ ಮುಂದಿನ ಚಕ್ರ ಅಲುಗಾಡುತ್ತಿದ್ದರೆ ತಪ್ಪು ಕಿಂಗ್ ಪಿನ್ನಿನದೋ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಎಡಬಲ ತಿರುಗುವುದು ಈ ಪಿನ್ ಮೇಲೆ) ಚಕ್ರದ ಬೇರಿಂಗಿನದೋ ಅಂತ ತಿಳಿಯಲು ಹೀಗೆ ಮಾಡಿ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಆಕ್ಸಲ್ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಬೇಡಿ. ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ (ಸಡಿಲ ಅಲುಗಾಟ) ಕಂಡರೆ ಒಬ್ಬರಿಗೆ ಬ್ರೇಕ್ ಗಟ್ಟಿಯಾಗಿ ತುಳಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಆಟ ನಿಂತರೆ ಬೇರಿಂಗ್ ಸಡಿಲ, ನಿಲ್ಲದಿದ್ದರೆ ಕಿಂಗ್ ಪಿನ್, ಅದರ ಸುತ್ತಲಿನ ಬುಷ್ ಸವೆದಿವೆ. ಬ್ರೇಕ್ ಹಿಡಿದಾಗ ಬ್ರೇಕ್ ಡ್ರಮ್ಮು, ಸ್ಟಬ್ ಆಕ್ಸಲ್ (ಚಕ್ರ ಕೂರುವ ಗಿಡ್ಡ ಆಕ್ಸಲ್) ಒಂದೇ ತುಂಡಿನಂತಾಗುತ್ತವೆ, ಬೇರಿಂಗಿನ ಆಟ ಮುಚ್ಚಿಹೋಗುತ್ತದೆ ಅಲ್ವಾ, ಅದಕ್ಕೆ. ಆ ಚಕ್ರದ ಬ್ರೇಕ್ ಸರಿಯಾಗಿ ಹಿಡಿಯದಿದ್ದರೆ ಈ ಪರೀಕ್ಷೆ ಸುಳ್ಳು ಹೇಳುತ್ತದೆ. ಏರ್ ಬ್ರೇಕ್ ಆದರೆ ಟ್ಯಾಂಕಿನಲ್ಲಿ ಗಾಳಿ ತುಂಬಿರಬೇಕು. ಬೇರಿಂಗ್, ಕಿಂಗ್ ಪಿನ್ ಎರಡೂ ಸವೆದಿದ್ದರೆ ಬ್ರೇಕ್ ತುಳಿದಾಗ ಆಟ ಕಡಿಮೆಯಾಗುತ್ತದೆ, ಪೂರ್ತಿ ಹೋಗಲ್ಲ. ಟೈ ರಾಡ್ ಎಂಡ್ (ಮುಂದಿನ ಎರಡು ಚಕ್ರ ಜೋಡಿಸುವ ರಾಡಿನ ತುದಿಯ ಕೀಲು) ಸವೆದದ್ದು ಇದರಲ್ಲಿ ಗೊತ್ತಾಗಲ್ಲ, ಅದಕ್ಕೆ ಟೈರನ್ನು ಎಡಬಲ ಹಿಡಿದು ಅಲ್ಲಾಡಿಸಬೇಕು. ಇಂಥ ಆಟ ಇಟ್ಟುಕೊಂಡು ಅಲೈನ್‌ಮೆಂಟಿನಲ್ಲಿ ಟೋ (ಮುಂದಿನ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಅನ್ನೋದು) ಹೊಂದಿಸುವುದು ಸುಮ್ನೆ ದುಡ್ಡು ದಂಡ. ನೇರ ಆಕ್ಸಲ್ ಲಾರಿಯಲ್ಲಿ ಟೈ ರಾಡ್ ತಿರುಗಿಸಿ ಸರಿಮಾಡುವುದು ಟೋ ಒಂದನ್ನೇ. ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವುದು) ಕೆಟ್ಟಿದ್ದರೆ ಹೆಚ್ಚಾಗಿ ಕಿಂಗ್ ಪಿನ್ ಸವೆದಿರುತ್ತದೆ, ಇಲ್ಲಾ ಆಕ್ಸಲ್ಲೇ ಬಗ್ಗಿರುತ್ತದೆ.