ಹಣ್ಣು ನೊಣದ ಕರುಳಿನಿಂದಲೇ ಹಣ್ಣು ನೊಣಕ್ಕೆ ಬಲೆ

ಹಣ್ಣನ್ನು ಹೆಚ್ಚಿದಾಗ ಒಳಗೆ ಬಿಳಿ ಹುಳು ಕಂಡರೆ ಅದನ್ನು ಹಣ್ಣು ನೊಣದ ಕಾಟವೆಂದು ಹೇಳಿ ಮುಗಿಸುವುದು ರೂಢಿ. ಆದರೆ ಟೆಫ್ರಿಟಿಡೇ ಎಂಬ ಈ ಕುಟುಂಬದಲ್ಲಿ ಜಗತ್ತಿನಾದ್ಯಂತ ಸುಮಾರು 5,000 ಪ್ರಭೇದಗಳಿದ್ದು, ಅವುಗಳ ಆಹಾರ, ಅವು ಸೆಳೆತಕ್ಕೊಳಗಾಗುವ ವಾಸನೆ, ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ಎಲ್ಲವೂ ಒಂದೇ ಬಗೆಯವಲ್ಲ. ಕೊಳೆತ ಹಣ್ಣಿನ ಮೇಲೆ ಗುಂಪಾಗಿ ಹಾರಾಡುವ ಡ್ರೊಸೊಫಿಲಾ ಬೇರೆಯೇ ಕುಟುಂಬದ್ದು. ಅದು ಇಲ್ಲಿನ ವಿಷಯವಲ್ಲ.

ಈಗ ಹೆಚ್ಚು ಬಳಕೆಯಲ್ಲಿರುವ ಮೋಹಕ ಬಲೆಗಳಿಗೆ ಒಂದು ಮಿತಿಯಿದೆ. ಮಿಥೈಲ್ ಯೂಜಿನಾಲ್ ಎಂಬ ಮೋಹಕ ರಾಸಾಯನಿಕ ಬ್ಯಾಕ್ಟ್ರೊಸೆರಾ ಕುಲದ ಡಾರ್ಸಾಲಿಸ್, ಜೊನಾಟಾ ಮತ್ತು ಕರೆಕ್ಟಾ ಪ್ರಭೇದಗಳ ಗಂಡುಗಳನ್ನು ಸೆಳೆದರೆ, ಕ್ಯೂ ಲ್ಯೂರ್ ಎಂಬ ಇನ್ನೊಂದು ಮೋಹಕ ಬಳ್ಳಿ ತರಕಾರಿಗಳನ್ನು ಕಾಡುವ ಝ್ಯೂಗೊಡಾಕಸ್ ಕುಕುರ್ಬಿಟೇ ಪ್ರಭೇದದ ಗಂಡುಗಳನ್ನು ಸೆಳೆಯುತ್ತದೆ. ಹಣ್ಣಿಗೆ ಚುಚ್ಚಿ ಮೊಟ್ಟೆಯಿಡುವ ಹೆಣ್ಣು ಮಾತ್ರ ಹೊರಗೇ ಉಳಿಯುತ್ತದೆ. ಆದರೆ ಮೊಟ್ಟೆ ಬಲಿಯಬೇಕಾದರೆ ಹೆಣ್ಣಿಗೆ ಪ್ರೊಟೀನ್ ಬೇಕು. ಅದಕ್ಕಾಗಿ ಅದು ಎಲೆ ಮತ್ತು ಹಣ್ಣಿನ ಮೇಲ್ಮೈಯನ್ನು, ಹಕ್ಕಿಯ ಹಿಕ್ಕೆಯನ್ನು ಹುಡುಕಿಕೊಂಡು ಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಹೊರಬಿಡುವ ಅಮೋನಿಯಾ ಮುಂತಾದ ವಾಸನೆಗಳೇ ಅದಕ್ಕೆ ದಾರಿ ತೋರಿಸುತ್ತವೆ. ಕರುಳಿನ ಬ್ಯಾಕ್ಟೀರಿಯಾದಿಂದ ಆಮಿಷ ತಯಾರಿಸುವ ಯೋಚನೆ ಹುಟ್ಟಿದ್ದು ಇಲ್ಲಿಂದ.

ಮೊದಲು ನೊಣದ ಗುರುತು

ಬಲೆಗೆ ಬಿದ್ದ ನೊಣಗಳನ್ನಷ್ಟೇ ನಂಬಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಮೋಹಕಕ್ಕೆ ಸ್ಪಂದಿಸದ ಪ್ರಭೇದಗಳು ಅದರಲ್ಲಿ ಕಾಣುವುದೇ ಇಲ್ಲ. ಹಾಗಾಗಿ ಚುಚ್ಚಿದ ಗುರುತಿರುವ ಹಣ್ಣುಗಳನ್ನೂ ಆಗತಾನೇ ಉದುರಿದವನ್ನೂ ಸಂಗ್ರಹಿಸಿ, ಪ್ರತಿ ಬಗೆಯ ಹಣ್ಣನ್ನು ಪ್ರತ್ಯೇಕ ಡಬ್ಬಿಯಲ್ಲಿ ತೇವವಿರುವ ಮರಳಿನ ಮೇಲಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಬೇಕು. ಬಲಿತ ಮರಿಹುಳುಗಳು ಹಣ್ಣಿನಿಂದ ಹೊರಬಿದ್ದು ಮರಳಿನಲ್ಲಿ ಕೋಶವಾಗುತ್ತವೆ. ನೊಣ ಹೊರಬಂದ ಕೂಡಲೇ ಅದನ್ನು ಕೊಲ್ಲದೆ, ಸಕ್ಕರೆ ಮತ್ತು ನೀರು ಕೊಟ್ಟು ನಾಲ್ಕೈದು ದಿನ ಉಳಿಸಿಕೊಳ್ಳುವುದು ಅಗತ್ಯ; ಮೈ ಮತ್ತು ರೆಕ್ಕೆಯ ಬಣ್ಣ ನಿಲ್ಲುವ ಮೊದಲು ನೋಡಿದರೆ ಗುರುತು ಹಿಡಿಯುವುದು ಕಷ್ಟ. ಕೆಲವೊಮ್ಮೆ ಕೋಶದಿಂದ ನೊಣದ ಬದಲು ಪುಟ್ಟ ಕಣಜವೊಂದು ಹೊರಬರುತ್ತದೆ. ಅದು ನೊಣದ ಪರತಂತ್ರಜೀವಿ, ನಮ್ಮ ಪಕ್ಷದ್ದು, ಅದನ್ನೂ ಬರೆದಿಟ್ಟುಕೊಳ್ಳಿ.

ಡಾರ್ಸಾಲಿಸ್‌ನ ರೆಕ್ಕೆಯ ಮುಂಭಾಗದ ಅಂಚಿನಲ್ಲಿ ಎಡೆಬಿಡದ ಕಂದು ಪಟ್ಟಿಯಿರುತ್ತದೆ. ಜೊನಾಟಾ ಮತ್ತು ಕರೆಕ್ಟಾಗಳಲ್ಲಿ ಆ ಪಟ್ಟಿ ತುಂಡಾಗಿ ತುದಿಯಲ್ಲೊಂದು ಚುಕ್ಕೆ ಉಳಿದಿರುತ್ತದೆ. ಅವೆರಡರ ನಡುವಿನ ವ್ಯತ್ಯಾಸಕ್ಕೆ ಮುಖವನ್ನು ನೋಡಬೇಕು. ಜೊನಾಟಾದ ಮುಖದಲ್ಲಿ ಎರಡು ಬಿಡಿ ಕಪ್ಪು ಚುಕ್ಕೆಗಳಿದ್ದರೆ, ಕರೆಕ್ಟಾದಲ್ಲಿ ಅಡ್ಡಗೆರೆಯಿರುತ್ತದೆ. ಕುಕುರ್ಬಿಟೇಯ ಎದೆಯ ಮೇಲೆ, ನಡುವಿನದೂ ಸೇರಿ, ಮೂರು ಹಳದಿ ಗೆರೆಗಳಿರುತ್ತವೆ.

ಕರುಳಿನಿಂದ ಅಗಾರ್‌ ತಟ್ಟೆಗೆ

ಮುಂದಿನ ಕೆಲಸ ಪ್ರಯೋಗಾಲಯದ್ದು. ತಣ್ಣಗಿನ ಪೆಟ್ಟಿಗೆಯಲ್ಲಿಟ್ಟು ನಿಶ್ಚಲಗೊಳಿಸಿದ ನೊಣವನ್ನು ಶೇ 70ರ ಎಥನಾಲ್‌ನಲ್ಲಿ ಒಂದು ನಿಮಿಷ ಅದ್ದಿ, ಕ್ರಿಮಿರಹಿತ ನೀರಿನಲ್ಲಿ ಮೂರು ಬಾರಿ ತೊಳೆಯಬೇಕು. ಕೊನೆಯ ಸಲ ತೊಳೆದ ನೀರನ್ನು ಚೆಲ್ಲದೆ ಒಂದು ಅಗಾರ್ ತಟ್ಟೆಯ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಪದರವಿರುವ ತಟ್ಟೆ) ಮೇಲೆ ಹರಡಿಡಿ. ಅದರಲ್ಲಿ ಏನಾದರೂ ಬೆಳೆದರೆ ಹೊರಮೈ ಶುದ್ಧವಾಗಿಲ್ಲವೆಂದೇ ಅರ್ಥ. ಆ ನೊಣದಿಂದ ದೊರೆತದ್ದನ್ನು ಕರುಳಿನ ಬ್ಯಾಕ್ಟೀರಿಯಾ ಎನ್ನಲಾಗದು.

ಸೂಕ್ಷ್ಮದರ್ಶಕದಡಿ, ಲವಣದ ದ್ರಾವಣದ ಹನಿಯಲ್ಲಿ, ಒಂದು ಚಿಮುಟದಿಂದ ಎದೆಯನ್ನು ಹಿಡಿದು ಇನ್ನೊಂದರಿಂದ ಹೊಟ್ಟೆಯ ತುದಿಯನ್ನು ಮೆಲ್ಲನೆ ಎಳೆದರೆ ಕರುಳು ಹೊರಬರುತ್ತದೆ. ಮಧ್ಯಕರುಳನ್ನು ಬೇರ್ಪಡಿಸಿ ಅರೆದು, ಹತ್ತು ಪಟ್ಟಿನಂತೆ ಹಂತಹಂತವಾಗಿ ತೆಳುಗೊಳಿಸಿ, ಪ್ರತಿ ಹಂತದಿಂದ 0.1 ಮಿ.ಲೀ. ತೆಗೆದು ನ್ಯೂಟ್ರಿಯೆಂಟ್ ಅಗಾರ್ ಮೇಲೆ ಹರಡಿ, 28ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 24ರಿಂದ 48 ಗಂಟೆ ಇಡಬೇಕು. ಬಣ್ಣ, ಅಂಚು, ಆಕಾರದಲ್ಲಿ ಬೇರೆಬೇರೆಯಾಗಿ ಕಾಣುವ ಕಾಲೊನಿಗಳನ್ನು (ಬ್ಯಾಕ್ಟೀರಿಯಾದ ಗುಂಪುಗಳನ್ನು) ಶುದ್ಧೀಕರಿಸಿದ ಬಳಿಕ 16ಎಸ್ ಆರ್‌ಆರ್‌ಎನ್‌ಎ ಎಂಬ, ಬ್ಯಾಕ್ಟೀರಿಯಾ ಗುರುತಿಸಲು ಬಳಸುವ ಜೀನ್‌ನ ಅನುಕ್ರಮದಿಂದ ಹೆಸರು ತಿಳಿಯಬಹುದು. ಕ್ಲೆಬ್ಸಿಯೆಲ್ಲಾ, ಎಂಟರೊಬ್ಯಾಕ್ಟರ್, ಸಿಟ್ರೊಬ್ಯಾಕ್ಟರ್, ಪ್ರಾವಿಡೆನ್ಸಿಯಾ ಕುಲಗಳು ಮತ್ತೆಮತ್ತೆ ಎದುರಾಗುತ್ತವೆ. ತಟ್ಟೆಯಲ್ಲಿ ಬೆಳೆದದ್ದೇ ಕರುಳಿನ ಸರ್ವಸ್ವವಲ್ಲ. ಆಲಿವ್ ಹಣ್ಣನ್ನು ಕಾಡುವ ನೊಣ ಬ್ಯಾಕ್ಟೀರಿಯಾದೊಂದಿಗೆ ನಡೆಸುವ ಸಹಜೀವನವನ್ನು ಪೆಟ್ರಿ ಎಂಬ ವಿಜ್ಞಾನಿ 1909ರಲ್ಲೇ ವರ್ಣಿಸಿದ್ದರೂ, ಅದರ ಸಂಗಾತಿಯಾದ ಎರ್ವಿನಿಯಾ ಡಾಸಿಕೋಲಾ ಸಾಮಾನ್ಯ ಅಗಾರ್ ಮೇಲೆ ಬೆಳೆಯದು.

ಸೆಳೆತದ ಪರೀಕ್ಷೆ

ಪ್ರತಿ ಬ್ಯಾಕ್ಟೀರಿಯಾವನ್ನೂ ಟ್ರಿಪ್ಟಿಕ್ ಸೋಯ್ ಎಂಬ ಪೋಷಕ ದ್ರವದಲ್ಲಿ ಬೆಳೆಸಿ, 0.22 ಮೈಕ್ರಾನ್‌ನ ಸೋಸುಪೊರೆಯಲ್ಲಿ ಸೋಸಿ ಜೀವಕೋಶಗಳನ್ನು ತೆಗೆದುಬಿಡಬೇಕು. ಆಟೊಕ್ಲೇವ್ ಮಾಡಿದರೆ (ಒತ್ತಡದ ಹಬೆಯಲ್ಲಿ ಕಾಯಿಸಿದರೆ) ವಾಸನೆಯೇ ಬದಲಾಗಬಹುದಾದ್ದರಿಂದ, ತೋಟದಲ್ಲಿ ಯಾವ ರೂಪದಲ್ಲಿ ಬಳಸುವಿರೋ ಅದೇ ರೂಪದಲ್ಲಿ ಪರೀಕ್ಷಿಸುವುದು ಸರಿ. ಕೆಲವು ದಿನ ಸಕ್ಕರೆ ಮತ್ತು ನೀರನ್ನಷ್ಟೇ ಕೊಟ್ಟ ಹೆಣ್ಣು ನೊಣಗಳನ್ನು ಪಂಜರಕ್ಕೆ ಬಿಟ್ಟು, ಒಂದೆಡೆ ಈ ಸೋಸಿದ ದ್ರವವನ್ನೂ ಇನ್ನೊಂದೆಡೆ ಬ್ಯಾಕ್ಟೀರಿಯಾ ಹಾಕದ ಅದೇ ದ್ರವವನ್ನೂ ಇಟ್ಟು, ಬಂದವುಗಳನ್ನು ಎಣಿಸಬೇಕು. ಬೆಳಕಿನ ದಿಕ್ಕು ಫಲಿತಾಂಶವನ್ನು ಸುಲಭವಾಗಿ ಕೆಡಿಸುವುದರಿಂದ ಪ್ರತಿ ಸಲವೂ ಜಾಗ ಅದಲುಬದಲಾಗಬೇಕು. ಎರಡೂ ದ್ರವಗಳ ಪಿಎಚ್ (ಆಮ್ಲ-ಕ್ಷಾರ ಮಟ್ಟ) ಅಳೆಯುವುದನ್ನು ಮರೆಯಬಾರದು. ಕ್ಷಾರತೆ ಹೆಚ್ಚಿದಂತೆ ಅಮೋನಿಯಾ ಹೆಚ್ಚು ಹೊರಬರುತ್ತದೆ.

ತೋಟದಲ್ಲಿ ಹೋಲಿಕೆ ಮಾಡಬೇಕಾದದ್ದು ಖಾಲಿ ಬಲೆಯೊಂದಿಗಲ್ಲ, ಈಗಾಗಲೇ ಬಳಕೆಯಲ್ಲಿರುವ ಪ್ರೊಟೀನ್ ಹೈಡ್ರೊಲೈಸೇಟ್ (ವಿಘಟಿಸಿದ ಪ್ರೊಟೀನ್) ಆಮಿಷದೊಂದಿಗೆ. ಬಲೆಗಳನ್ನು ಕೊಂಬೆಗಳ ನೆರಳಿನಲ್ಲಿ ತೂಗುಹಾಕಿ, ವಾರಕ್ಕೊಮ್ಮೆ ಜಾಗ ಬದಲಿಸಿ, ಹೆಣ್ಣು, ಗಂಡು, ಪ್ರಭೇದಗಳನ್ನು ಬೇರೆಬೇರೆಯಾಗಿ ಎಣಿಸಿ. ಜೇನ್ನೊಣ ಬಿದ್ದಿದ್ದರೆ ಅದೂ ಲೆಕ್ಕಕ್ಕೆ ಸೇರಬೇಕು.

ಜೀವಂತ ಬ್ಯಾಕ್ಟೀರಿಯಾವನ್ನು ತೋಟಕ್ಕೆ ಸಿಂಪಡಿಸುವುದು ನನ್ನ ದೃಷ್ಟಿಯಲ್ಲಿ ಸಲ್ಲದು. ಕ್ಲೆಬ್ಸಿಯೆಲ್ಲಾ ಆಕ್ಸಿಟೋಕಾದಂಥವು ಮನುಷ್ಯರಲ್ಲೂ ಸೋಂಕು ಉಂಟುಮಾಡಬಲ್ಲವು. ಅದೇ ಬ್ಯಾಕ್ಟೀರಿಯಾ ನೊಣ ಸಾಕಣೆ ಕೇಂದ್ರದೊಳಗೆ ಬೇರೊಂದು ಬಗೆಯಲ್ಲಿ ನೆರವಾಗಿದೆ: ಸಂತತಿ ತಗ್ಗಿಸಲೆಂದು ವಿಕಿರಣದಿಂದ ಬರಡಾಗಿಸಿ ಹೊರಗೆ ಬಿಡುವ ಮೆಡಿಟರೇನಿಯನ್ ಹಣ್ಣು ನೊಣದ ಗಂಡುಗಳ ಕರುಳಿನಲ್ಲಿ ಕ್ಲೆಬ್ಸಿಯೆಲ್ಲಾ ಕುಗ್ಗುತ್ತದೆಂದೂ, ಆಹಾರದ ಮೂಲಕ ಅದನ್ನು ಮರಳಿಸಿದಾಗ ಅವು ಕೂಡುವಿಕೆಯ ಪೈಪೋಟಿಯಲ್ಲಿ ಸುಧಾರಿಸುತ್ತವೆಂದೂ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

ಆಮಿಷ ಎಷ್ಟೇ ಚೆನ್ನಾಗಿದ್ದರೂ ಉದುರಿದ ಹಣ್ಣುಗಳನ್ನು ಮರದಡಿಯೇ ಬಿಟ್ಟರೆ, ಬಲೆಗೆ ಬಿದ್ದುದಕ್ಕಿಂತ ಹೆಚ್ಚು ನೊಣಗಳು ಮಣ್ಣಿನಿಂದ ಮೇಲೇಳಬಹುದು. ಅವನ್ನು ಆಯ್ದು, ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ, ಹುಳುಗಳೆಲ್ಲ ಸಾಯುವವರೆಗೆ ಬಿಸಿಲಿನಲ್ಲಿಡಬೇಕು.